ಎರಡಂಗುಲದ ಕಪ್ಪು ಪಟ್ಟಿ

1965ರ ಡಿಸೆಂಬರ್ 14, ಮಂಗಳವಾರ. ಅಮೆರಿಕದ ಅಯೋವಾ ರಾಜ್ಯದ ರಾಜಧಾನಿ ಡಿಮಾಯ್ನ್‌ನಲ್ಲಿ ಅಲ್ಲಿನ ಸಾರ್ವಜನಿಕ ಶಾಲೆಗಳ ಪ್ರಿನ್ಸಿಪಾಲರು ಸಭೆ ಸೇರಿದರು. ಸುತ್ತ ಮೆಕ್ಕೆಜೋಳದ ಹೊಲಗಳು, ಊರೊಳಗೆ ವಿಮಾ ಕಂಪನಿಗಳ ಕಚೇರಿಗಳು. ಸುದ್ದಿಗೆ ಅಷ್ಟಾಗಿ ಬೀಳದ ಊರು ಅದು. ಸಭೆಯ ಮುಂದಿದ್ದ ವಿಷಯವೂ ನೋಡಲು ಚಿಕ್ಕದೇ. ಬರುವ ಗುರುವಾರದಿಂದ ಕೆಲವು ವಿದ್ಯಾರ್ಥಿಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ತರಗತಿಗೆ ಬರುವವರಿದ್ದಾರೆ, ಏನು ಮಾಡುವುದು?

ಕಪ್ಪು ಪಟ್ಟಿ ನಮಗೆ ಹೊಸದಲ್ಲ. ಸಂಬಳ ಪರಿಷ್ಕರಣೆ ಆಗಲಿಲ್ಲವೆಂದು ನಮ್ಮ ಕಚೇರಿಗಳಲ್ಲಿ ನೌಕರರು ಕಪ್ಪು ಪಟ್ಟಿ ಧರಿಸಿ ಕೆಲಸ ಮಾಡುವುದುಂಟು. ಕೆಲಸವೂ ನಿಲ್ಲುವುದಿಲ್ಲ, ಕೋಪವೂ ಕಾಣುತ್ತದೆ. ಪ್ರತಿಭಟನೆಗಳಲ್ಲೆಲ್ಲ ಇದರಷ್ಟು ಸಾಧುವಾದದ್ದು ಇನ್ನೊಂದಿಲ್ಲ. ಆದರೆ ಡಿಮಾಯ್ನ್‌ನ ಪ್ರಿನ್ಸಿಪಾಲರ ಸಭೆ ಅಂದು ಕೈಗೊಂಡ ತೀರ್ಮಾನ ಮೂರು ವರ್ಷ ಎರಡು ತಿಂಗಳ ನಂತರ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಮಕ್ಕಳು ಪ್ರತಿಭಟಿಸಲಿದ್ದಾರೆಂಬ ಸುದ್ದಿ ಮುಂಚಿತವಾಗಿ ಕಿವಿಗೆ ಬಿದ್ದಾಗ ಶಾಲೆಯೊಂದು ಎಷ್ಟರ ಮಟ್ಟಿಗೆ ಕೈಹಾಕಬಹುದು ಎಂಬ ಪ್ರಶ್ನೆ ಬಂದಾಗಲೆಲ್ಲ ಇಂದಿಗೂ ಎತ್ತಿಕೊಳ್ಳುವುದು ಆ ಎರಡು ದಿನಗಳ ಕಥೆಯನ್ನೇ.

ಯೋಜನೆ ಹುಟ್ಟಿದ್ದು ಅದಕ್ಕೆ ಮೂರು ದಿನ ಮುಂಚೆ, ಶನಿವಾರ, ಎಕ್‌ಹಾರ್ಟ್ ಎಂಬುವರ ಮನೆಯ ಒಂದು ಕೂಟದಲ್ಲಿ. ಆ ವರ್ಷದ ಕೊನೆಗೆ ವಿಯೆಟ್ನಾಮಿನಲ್ಲಿದ್ದ ಅಮೆರಿಕನ್ ಸೈನಿಕರ ಸಂಖ್ಯೆ 1,80,000 ದಾಟಿತ್ತು. ನವೆಂಬರ್ ಕೊನೆಯಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಯುದ್ಧವಿರೋಧಿ ಮೆರವಣಿಗೆಗೆ ಅಯೋವಾದಿಂದ ಬಸ್ಸಿನಲ್ಲಿ ಹೋಗಿ ಬಂದವರು ಈ ಕೂಟದಲ್ಲಿದ್ದರು. ಎರಡೂ ಕಡೆ ಸತ್ತವರಿಗಾಗಿ ಶೋಕ ಆಚರಿಸುವುದು, ಕ್ರಿಸ್‌ಮಸ್ ಕದನವಿರಾಮವನ್ನು ಮುಂದುವರಿಸಬೇಕೆಂದು ಸೆನೆಟರ್ ರಾಬರ್ಟ್ ಕೆನಡಿ ಕೊಟ್ಟಿದ್ದ ಕರೆಯನ್ನು ಬೆಂಬಲಿಸುವುದು, ಇಷ್ಟೇ ಉದ್ದೇಶ. ಅದಕ್ಕಾಗಿ ಡಿಸೆಂಬರ್ 16ರಿಂದ ಹೊಸ ವರ್ಷದವರೆಗೆ ಕಪ್ಪು ಪಟ್ಟಿ, ನಡುವೆ ಎರಡು ದಿನ ಉಪವಾಸ. ಘೋಷಣೆಯಿಲ್ಲ, ಕರಪತ್ರವಿಲ್ಲ, ತರಗತಿ ಬಹಿಷ್ಕಾರವಿಲ್ಲ. ಪಟ್ಟಿಯ ಅಗಲ ಎರಡು ಅಂಗುಲಕ್ಕಿಂತ ಹೆಚ್ಚಿರಲಿಲ್ಲ ಎಂದು ಮುಂದೆ ಸುಪ್ರೀಂ ಕೋರ್ಟು ತನ್ನ ತೀರ್ಪಿನಲ್ಲಿ ಬರೆಯಬೇಕಾಗಿ ಬಂತು. ಅಷ್ಟು ಸಣ್ಣ ವಸ್ತುವಿಗೆ ಅಷ್ಟು ದೊಡ್ಡ ಕೋರ್ಟಿನ ಅಳತೆ ಸಿಕ್ಕಿದ್ದು ಅಪರೂಪವೇ.

ಶಾಲೆಗೆ ಇದು ತಿಳಿದ ಬಗೆ ಗಮನಿಸಬೇಕಾದ್ದು. ಯಾರೂ ಚಾಡಿ ಹೇಳಲಿಲ್ಲ. ರೂಸ್‌ವೆಲ್ಟ್ ಹೈಸ್ಕೂಲಿನ ವಿದ್ಯಾರ್ಥಿಯೊಬ್ಬ ಶಾಲೆಯ ಪತ್ರಿಕೆಗಾಗಿ ಇದರ ಬಗ್ಗೆ ಒಂದು ಲೇಖನ ಬರೆದು, ಕ್ರಮದಂತೆ ಅದನ್ನು ಅಧ್ಯಾಪಕರಿಗೆ ಒಪ್ಪಿಸಿದ. ಅಂದರೆ ಹುಡುಗರು ಮುಚ್ಚುಮರೆಯಿಲ್ಲದೆ, ಶಾಲೆಯ ನಿಯಮದ ಬಾಗಿಲಿನಿಂದಲೇ ಒಳಗೆ ಬಂದಿದ್ದರು. ಲೇಖನ ಅಚ್ಚಾಗಲಿಲ್ಲ. ಅದರ ಬದಲು ಪ್ರಿನ್ಸಿಪಾಲರ ಸಭೆ ಸೇರಿತು. ಕಪ್ಪು ಪಟ್ಟಿ ಕಟ್ಟಿಬಂದವರಿಗೆ ಅದನ್ನು ಬಿಚ್ಚಲು ಹೇಳಬೇಕು. ಒಪ್ಪದಿದ್ದರೆ ಮನೆಗೆ ಕಳಿಸಬೇಕು. ಪಟ್ಟಿಯಿಲ್ಲದೆ ಬಂದಾಗ ಮಾತ್ರ ಮತ್ತೆ ಸೇರಿಸಿಕೊಳ್ಳಬೇಕು ಎಂದು ತೀರ್ಮಾನವಾಯಿತು.

ಈ ತೀರ್ಮಾನಕ್ಕೆ ಕಾರಣವಿರಲಿಲ್ಲವೆಂದು ಹೇಳುವಂತಿಲ್ಲ. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಓದಿದ ತರುಣ ವಿಯೆಟ್ನಾಮಿನಲ್ಲಿ ಸತ್ತಿದ್ದ. ಅವನ ಗೆಳೆಯರು ಇನ್ನೂ ಅದೇ ಶಾಲೆಯಲ್ಲಿದ್ದರು. ಅವರ ಕಣ್ಣೆದುರು ಕಪ್ಪು ಪಟ್ಟಿ ಓಡಾಡಿದರೆ ಹತೋಟಿ ಮೀರಬಹುದೆಂಬ ಅಂಜಿಕೆ ಅಧಿಕಾರಿಗಳಿಗಿತ್ತು. ನೂರಾರು ಹರೆಯದ ಹುಡುಗರನ್ನು ಒಂದೇ ಕಟ್ಟಡದಲ್ಲಿ ಇಟ್ಟುಕೊಂಡು ದಿನ ದೂಡುವ ಯಾವ ಹೆಡ್‌ಮಾಸ್ತರರಿಗಾದರೂ ಆ ಅಂಜಿಕೆ ಅರ್ಥವಾಗುತ್ತದೆ. ಆದರೆ ಕೈಯಲ್ಲಿದ್ದ ಎರಡು ದಿನಗಳನ್ನು ಅವರು ಬಳಸಿದ ರೀತಿ ನೋಡಿ. ಆ ಮಕ್ಕಳನ್ನು ಕರೆದು ಕೂರಿಸಿ ಮಾತನಾಡಬಹುದಿತ್ತು. ಸತ್ತ ಹುಡುಗನ ಗೆಳೆಯರ ಜೊತೆಗೂ ಮಾತನಾಡಬಹುದಿತ್ತು. ಗಲಾಟೆ ಮಾಡಿದವರನ್ನು ಬಿಡುವುದಿಲ್ಲ ಎಂದು ಎಲ್ಲರಿಗೂ ಅನ್ವಯಿಸುವ ಎಚ್ಚರಿಕೆ ಕೊಡಬಹುದಿತ್ತು. ಅದರ ಬದಲು ಬಂದದ್ದು ಒಂದು ನಿಷೇಧ, ಅದೂ ಒಂದೇ ಒಂದು ಬಗೆಯ ಗುರುತಿನ ಮೇಲೆ. ಮರುದಿನ ಬೆಳಗ್ಗೆ ಡಿಮಾಯ್ನ್ ರಿಜಿಸ್ಟರ್ ಪತ್ರಿಕೆಯ ಮುಖಪುಟದಲ್ಲಿ ಈ ಸುದ್ದಿ ಬಂತು. ಅಲ್ಲಿಯವರೆಗೆ ಕೆಲವೇ ಮನೆಗಳವರಿಗೆ ಗೊತ್ತಿದ್ದ ಪಟ್ಟಿ ಈಗ ಇಡೀ ಊರಿಗೆ ಗೊತ್ತಾಯಿತು.

ಗುರುವಾರ ಮೇರಿ ಬೆತ್ ಟಿಂಕರ್ ಎಂಬ ಹದಿಮೂರು ವರ್ಷದ ಹುಡುಗಿ ಹಾರ್ಡಿಂಗ್ ಜೂನಿಯರ್ ಹೈಸ್ಕೂಲಿಗೆ ಪಟ್ಟಿ ಕಟ್ಟಿಕೊಂಡು ಹೋದಳು. ಎಂಟನೇ ತರಗತಿ. ತಂದೆ ಮೆಥಡಿಸ್ಟ್ ಪಾದ್ರಿ. ಕ್ವೇಕರ್ ಪಂಥದವರ ಶಾಂತಿ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದವರು. ಮಧ್ಯಾಹ್ನದವರೆಗೆ ಏನೂ ಆಗಲಿಲ್ಲ. ಗಣಿತದ ತರಗತಿಯಲ್ಲಿ ಮೇಷ್ಟ್ರು ಆಫೀಸಿಗೆ ಕಳಿಸಿದರು. ಅಲ್ಲಿ ಬಿಚ್ಚು ಅಂದಾಗ ಹೆದರಿದ ಹುಡುಗಿ ಬಿಚ್ಚಿಕೊಟ್ಟಳು, ತರಗತಿಗೆ ಮರಳಿದಳು. ನಿಯಮದ ಪ್ರಕಾರ ಅಲ್ಲಿಗೆ ಮುಗಿಯಬೇಕಿತ್ತು. ಆದರೂ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕರೆಸಿ ಮನೆಗೆ ಕಳಿಸಿದರು. ತಾನೇ ಮಾಡಿದ ನಿಯಮವನ್ನು ಮೊದಲ ದಿನವೇ ಮೀರಿದ್ದು ಶಾಲೆ.

ಅದೇ ದಿನ ರೂಸ್‌ವೆಲ್ಟ್ ಹೈಸ್ಕೂಲಿನಲ್ಲಿ ಹದಿನಾರರ ಕ್ರಿಸ್ಟೋಫರ್ ಎಕ್‌ಹಾರ್ಟ್ ಪಟ್ಟಿ ಕಟ್ಟಿಕೊಂಡು ಯಾರೂ ಕರೆಯುವ ಮುಂಚೆ ತಾನೇ ಆಫೀಸಿಗೆ ನಡೆದ. ನಿಯಮ ಮುರಿಯುತ್ತಿದ್ದೇನೆ, ಶಿಕ್ಷೆ ಏನಿದೆಯೋ ಕೊಡಿ ಎಂಬ ಧಾಟಿ. ಇಂಥ ಪ್ರತಿಭಟನೆ ಮಾಡಿದವರನ್ನು ಕಾಲೇಜುಗಳು ಸೇರಿಸಿಕೊಳ್ಳುವುದಿಲ್ಲ ಎಂದು ಅಲ್ಲಿ ತನ್ನನ್ನು ಹೆದರಿಸಿದರು ಎಂದು ಅವನು ಮುಂದೆ ಹೇಳಿಕೊಂಡ. ಮೇರಿ ಬೆತ್‌ಳ ಅಣ್ಣ ಜಾನ್, ಹದಿನೈದು ವರ್ಷದವನು, ಒಂದು ದಿನ ತಡೆದ. ಮೊದಲು ಶಾಲಾ ಮಂಡಳಿಯವರ ಜೊತೆ ಮಾತನಾಡೋಣ ಎಂಬುದು ಅವನ ವಾದ. ತುರ್ತು ಸಭೆ ಕರೆಯಲು ಮಂಡಳಿಯ ಅಧ್ಯಕ್ಷರು ಒಪ್ಪಲಿಲ್ಲ. ಶುಕ್ರವಾರ ಅವನೂ ಪಟ್ಟಿ ಕಟ್ಟಿದ. ನಾರ್ತ್ ಹೈಸ್ಕೂಲಿನ ಪ್ರಿನ್ಸಿಪಾಲರು ಸೌಮ್ಯವಾಗಿಯೇ ಮಾತನಾಡಿಸಿ, ತಮ್ಮ ಕೈಯಲ್ಲಿ ಏನೂ ಇಲ್ಲವೆಂದು ಹೇಳಿ ಮನೆಗೆ ಕಳಿಸಿದರು. ಈ ಮೂವರಲ್ಲದೆ ಇನ್ನಿಬ್ಬರು ಹೊರಬಿದ್ದರು. ನಗರದ ಶಾಲೆಗಳಲ್ಲಿದ್ದ ಒಟ್ಟು ವಿದ್ಯಾರ್ಥಿಗಳು 18,000. ಹೊರಗೆ ಹೋದವರು ಐವರು. ತಮಾಷೆಯೆಂದರೆ ಟಿಂಕರ್ ಮನೆಯ ಕಿರಿಯ ಮಕ್ಕಳಿಬ್ಬರು, ಹನ್ನೊಂದರ ಹೋಪ್ ಮತ್ತು ಎಂಟರ ಪಾಲ್, ತಮ್ಮ ಪ್ರಾಥಮಿಕ ಶಾಲೆಗೆ ಪಟ್ಟಿ ಕಟ್ಟಿಕೊಂಡೇ ಹೋಗಿಬಂದರು. ಅವರನ್ನು ಯಾರೂ ಮನೆಗೆ ಕಳಿಸಲಿಲ್ಲ. ಆ ಶಾಲೆಗೆ ಏನೂ ಆಗಲಿಲ್ಲ.

ಡಿಸೆಂಬರ್ 21ರ ಮಂಡಳಿಯ ಸಭೆಗೆ ಇನ್ನೂರರಷ್ಟು ಜನ ನೆರೆದರು. ಅಂದು ತೀರ್ಮಾನ ಮುಂದಕ್ಕೆ ಹೋಯಿತು. 1966ರ ಜನವರಿ 3ರಂದು ಮಂಡಳಿ 5-2 ಮತಗಳಿಂದ ನಿಷೇಧವನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಟಿಂಕರ್ ಮನೆಗೆ ಕೆಂಪು ಬಣ್ಣ ಎರಚಿದ್ದರು. ಕ್ರಿಸ್‌ಮಸ್ ಮುನ್ನಾದಿನ ಬಾಂಬ್ ಇಡುತ್ತೇವೆಂದು ಫೋನ್ ಬಂದಿತ್ತು. ಶಾಲೆ ಅಂಜಿದ್ದ ಗಲಾಟೆ ಶಾಲೆಯ ಒಳಗೆ ಆಗಲಿಲ್ಲ. ಹೊರಗೆ, ಆ ಮಕ್ಕಳ ಮನೆಬಾಗಿಲಿಗೆ ಬಂತು.

ಡಿಮಾಯ್ನ್‌ನ ಪ್ರಿನ್ಸಿಪಾಲರಿಗೆ ಸುದ್ದಿ ಮೊದಲೇ ಸಿಕ್ಕಿತ್ತು. ಸಿಗದಿದ್ದರೆ ಏನಾಗುತ್ತದೆಂಬುದಕ್ಕೂ ಅಮೆರಿಕದಲ್ಲೇ ಹಳೆಯ ಉದಾಹರಣೆಯಿದೆ. ವರ್ಜೀನಿಯಾ ರಾಜ್ಯದ ಫಾರ್ಮ್‌ವಿಲ್ ಎಂಬಲ್ಲಿ ಕರಿಯ ಮಕ್ಕಳಿಗೆಂದೇ ಇದ್ದ ಮೋಟನ್ ಹೈಸ್ಕೂಲು 180 ಮಂದಿಗೆ ಕಟ್ಟಿದ್ದು. 1951ರಲ್ಲಿ ಅಲ್ಲಿ 450ಕ್ಕೂ ಹೆಚ್ಚು ಮಕ್ಕಳು. ಸಾಲದ ಜಾಗಕ್ಕೆ ಡಾಂಬರು ಕಾಗದ ಹೊದಿಸಿದ ಶೆಡ್ಡುಗಳು. ಹೊಸ ಕಟ್ಟಡಕ್ಕಾಗಿ ಪ್ರಿನ್ಸಿಪಾಲ್ ಬಾಯ್ಡ್ ಜೋನ್ಸ್ ಅವರೇ ಅಲೆದಿದ್ದರು. ಬಾರ್ಬರಾ ಜಾನ್ಸ್ ಎಂಬ ಹದಿನಾರರ ಹುಡುಗಿ ಗೆಳೆಯರ ಜೊತೆ ಗುಟ್ಟಾಗಿ ಮುಷ್ಕರದ ಯೋಜನೆ ಹಾಕಿದಳು. ಪ್ರಿನ್ಸಿಪಾಲರಿಗೆ ತಿಳಿದರೆ ಅವರು ತಡೆಯಲೇಬೇಕಾಗುತ್ತದೆ, ತಡೆಯದಿದ್ದರೆ ಅವರ ನೌಕರಿ ಹೋಗುತ್ತದೆ ಎಂಬ ಲೆಕ್ಕ. ಏಪ್ರಿಲ್ 23ರಂದು, ನಿಮ್ಮ ವಿದ್ಯಾರ್ಥಿಗಳು ಬಸ್ ನಿಲ್ದಾಣದಲ್ಲಿ ತೊಂದರೆಗೆ ಸಿಕ್ಕಿಬಿದ್ದಿದ್ದಾರೆಂದು ಸುಳ್ಳು ಫೋನ್ ಮಾಡಿ ಅವರನ್ನು ಹೊರಗೆ ಕಳಿಸಿದರು. ಅವರ ಹೆಸರಿನಲ್ಲೇ ಚೀಟಿ ಬರೆದು ಎಲ್ಲ ತರಗತಿಗಳನ್ನೂ ಸಭಾಂಗಣಕ್ಕೆ ಕರೆಸಿದರು. ಪರದೆ ಸರಿದಾಗ ವೇದಿಕೆಯ ಮೇಲೆ ನಿಂತಿದ್ದವಳು ಬಾರ್ಬರಾ. ಮರಳಿ ಬಂದ ಪ್ರಿನ್ಸಿಪಾಲರು ತರಗತಿಗೆ ಹೋಗಿ ಎಂದು ಬೇಡಿಕೊಂಡರೂ ಫಲವಾಗಲಿಲ್ಲ. ಎರಡು ವಾರ ಮುಷ್ಕರ ನಡೆಯಿತು. ಅಲ್ಲಿಂದ ಹುಟ್ಟಿದ ದಾವೆ, ಬಣ್ಣದ ಮೇಲೆ ಶಾಲೆ ಬೇರ್ಪಡಿಸುವುದನ್ನು ತಳ್ಳಿಹಾಕಿದ 1954ರ ಬ್ರೌನ್ ತೀರ್ಪಿನ ಐದು ದಾವೆಗಳಲ್ಲಿ ಒಂದಾಯಿತು. ಏನೂ ಗೊತ್ತಿರದಿದ್ದ ಬಾಯ್ಡ್ ಜೋನ್ಸ್ ಅವರ ನೌಕರಿ ಮಾತ್ರ ಉಳಿಯಲಿಲ್ಲ. ಮಕ್ಕಳ ಲೆಕ್ಕ ಅಷ್ಟರಮಟ್ಟಿಗೆ ತಪ್ಪಿತ್ತು.

ಡಿಮಾಯ್ನ್‌ನ ಮಕ್ಕಳದು ಇದಕ್ಕೆ ತದ್ವಿರುದ್ಧವಾದ ದಾರಿ: ಮೊದಲೇ ಹೇಳಿದರು, ಶಿಕ್ಷೆಯನ್ನೂ ಹೊತ್ತರು. ಆಮೇಲೆ ಕೋರ್ಟಿಗೆ ಹೋದರು. ಅಯೋವಾದ ನಾಗರಿಕ ಹಕ್ಕುಗಳ ಒಕ್ಕೂಟ ನೆರವಿಗೆ ಬಂತು. ವಾದಿಸಿದ ಡ್ಯಾನ್ ಜಾನ್‌ಸ್ಟನ್ ಆಗಷ್ಟೇ ಕಾನೂನು ಕಾಲೇಜಿನಿಂದ ಹೊರಬಂದಿದ್ದ ಯುವಕ. ಕೇಳಿದ್ದು ನೆಪಮಾತ್ರದ ಪರಿಹಾರ ಮತ್ತು ನಿಷೇಧಕ್ಕೆ ತಡೆ. 1966ರ ಸೆಪ್ಟೆಂಬರಿನಲ್ಲಿ ಜಿಲ್ಲಾ ನ್ಯಾಯಾಧೀಶರು ಶಾಲೆಯ ಪರ ತೀರ್ಪಿತ್ತರು. ಯುದ್ಧದ ಬಗ್ಗೆ ದೇಶವೇ ಬಿಸಿಯೇರಿರುವಾಗ ಶಾಲೆಯ ಅಂಜಿಕೆ ಸಹಜ ಎಂದರು. ಮೇಲ್ಮನವಿ ನ್ಯಾಯಾಲಯದ ಎಂಟು ನ್ಯಾಯಾಧೀಶರು ನಾಲ್ಕು ನಾಲ್ಕಾಗಿ ಒಡೆದರು. ಹಾಗಾದಾಗ ಕೆಳಗಿನ ತೀರ್ಪೇ ನಿಲ್ಲುತ್ತದೆ.

ಈ ನಡುವೆ ಮಿಸಿಸಿಪ್ಪಿ ರಾಜ್ಯದ ಎರಡು ಶಾಲೆಗಳ ವ್ಯಾಜ್ಯ ಇನ್ನೊಂದು ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದಿತ್ತು. ಎರಡರಲ್ಲೂ ಕರಿಯ ಮಕ್ಕಳು ಮತದಾನದ ಹಕ್ಕಿನ ಚಳವಳಿಯ ಬಿಲ್ಲೆಗಳನ್ನು ಅಂಗಿಗೆ ಚುಚ್ಚಿಕೊಂಡು ಬಂದಿದ್ದರು. ಎರಡರಲ್ಲೂ ಪ್ರಿನ್ಸಿಪಾಲರು ಬೇಡವೆಂದು ಹೇಳಿದ್ದರು. 1966ರ ಜುಲೈನಲ್ಲಿ ನ್ಯಾಯಾಲಯ ಎರಡಕ್ಕೂ ಒಂದೇ ದಿನ ತೀರ್ಪು ಕೊಟ್ಟಿತು, ಆದರೆ ಒಂದೇ ತೀರ್ಪು ಕೊಡಲಿಲ್ಲ. ಮೊದಲ ಶಾಲೆಯಲ್ಲಿ ಮಕ್ಕಳು ಬಿಲ್ಲೆ ಹಾಕಿಕೊಂಡು ಸುಮ್ಮನೆ ಪಾಠ ಕೇಳಿದ್ದರು. ಅಲ್ಲಿ ಶಾಲೆ ಸೋತಿತು. ಎರಡನೆಯದರಲ್ಲಿ ಹಜಾರದಲ್ಲಿ ಗದ್ದಲ ಎಬ್ಬಿಸಿ, ಬೇಡವೆಂದವರಿಗೂ ಬಿಲ್ಲೆ ಚುಚ್ಚಿ, ತರಗತಿಗಳನ್ನು ಕೆಡಿಸಿದ್ದರು. ಅಲ್ಲಿ ಶಾಲೆ ಗೆದ್ದಿತು. ಬಿಲ್ಲೆಯ ಮೇಲೆ ಏನು ಬರೆದಿದೆ ಎಂಬುದಕ್ಕಿಂತ ಬಿಲ್ಲೆಯಿಂದ ಪಾಠಕ್ಕೆ ಏನಾಯಿತು ಎಂಬುದೇ ಅಳತೆಗೋಲು. ಹಳ್ಳಿಯ ಪಂಚಾಯ್ತಿಕಟ್ಟೆಯಲ್ಲಿ ಕೂತ ಹಿರಿಯರೂ ಬಹುಶಃ ಹೀಗೆಯೇ ತೀರ್ಮಾನಿಸುತ್ತಿದ್ದರು.

ಸುಪ್ರೀಂ ಕೋರ್ಟು ಎತ್ತಿಕೊಂಡದ್ದು ಇದೇ ಅಳತೆಯನ್ನು. 1969ರ ಫೆಬ್ರವರಿ 24ರಂದು 7-2ರ ಬಹುಮತದಿಂದ ಮಕ್ಕಳ ಪರ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಏಬ್ ಫೋರ್ಟಸ್. ವಿದ್ಯಾರ್ಥಿಯಾಗಲಿ ಶಿಕ್ಷಕನಾಗಲಿ ಶಾಲೆಯ ಗೇಟಿನಲ್ಲಿ ತನ್ನ ವಾಕ್‌ಸ್ವಾತಂತ್ರ್ಯವನ್ನು ಬಿಚ್ಚಿಟ್ಟು ಒಳಗೆ ಹೋಗಬೇಕಿಲ್ಲ ಎಂಬುದು ಅದರ ತಿರುಳು. ಪಾಠಪ್ರವಚನಕ್ಕೆ ನಿಜವಾಗಿ, ಗಣನೀಯವಾಗಿ ಅಡ್ಡಿಯಾಗುತ್ತದೆ ಎಂದಾಗಲಿ, ಇತರರ ಹಕ್ಕಿಗೆ ಧಕ್ಕೆಯಾಗುತ್ತದೆ ಎಂದಾಗಲಿ ತೋರಿಸಿದರೆ ಶಾಲೆ ತಡೆಯಬಹುದು. ಅಡ್ಡಿ ಆಗುವವರೆಗೆ ಕಾಯಲೇಬೇಕೆಂದಿಲ್ಲ, ಆದರೆ ಆಗುತ್ತದೆಂದು ನಂಬಲು ಆಧಾರ ಬೇಕು. ಬರಿಯ ಅಳುಕು ಸಾಲದು. ಇನ್ನೊಂದು ಸಂಗತಿಯೂ ಶಾಲೆಯ ಕೈ ಕಟ್ಟಿತು. ಅದೇ ಶಾಲೆಗಳಲ್ಲಿ ಚುನಾವಣಾ ಪ್ರಚಾರದ ಬಿಲ್ಲೆಗಳನ್ನು ಹಾಕಿಕೊಂಡು ಬರುವವರಿದ್ದರು. ಕೆಲವರು ನಾತ್ಸಿಗಳ ಗುರುತೆಂದು ಹೆಸರಾದ ಕಬ್ಬಿಣದ ಶಿಲುಬೆಯನ್ನೂ ತೊಡುತ್ತಿದ್ದರು. ಅವಕ್ಕೆ ಇಲ್ಲದ ನಿಷೇಧ ಕಪ್ಪು ಪಟ್ಟಿಗೆ ಮಾತ್ರ ಏಕೆ ಎಂಬುದಕ್ಕೆ ಶಾಲೆಯ ಬಳಿ ಉತ್ತರವಿರಲಿಲ್ಲ.

ಭಿನ್ನಮತ ಬರೆದ ಇಬ್ಬರಲ್ಲಿ ಹ್ಯೂಗೊ ಬ್ಲ್ಯಾಕ್ ಅವರ ಮಾತು ಖಾರವಾಗಿತ್ತು. ವಾಕ್‌ಸ್ವಾತಂತ್ರ್ಯದ ದೊಡ್ಡ ಪ್ರತಿಪಾದಕರೆಂದು ಹೆಸರಾಗಿದ್ದ 82ರ ಈ ಮುದುಕ, ಮಕ್ಕಳು ಶಾಲೆಗೆ ಬರುವುದು ಕಲಿಯಲು, ಕಲಿಸಲು ಅಲ್ಲ ಎಂಬ ಅರ್ಥದಲ್ಲಿ ಗುಡುಗಿದರು. ಇನ್ನು ಮುಂದೆ ಶಿಷ್ಯರು ಗುರುಗಳಿಗೇ ಸವಾಲು ಹಾಕುತ್ತಾರೆ ಎಂದರು. ಪಟ್ಟಿಯಿಂದ ಯಾವ ಅಡ್ಡಿಯೂ ಆಗಲಿಲ್ಲವೆಂಬುದನ್ನೂ ಅವರು ಒಪ್ಪಲಿಲ್ಲ. ಮೇರಿ ಬೆತ್ ಜೊತೆಗಿನ ವಾದದಲ್ಲಿ ಗಣಿತದ ಒಂದು ಪಾಠವೇ ಹಾಳಾಯಿತಲ್ಲ ಎಂದು ದಾಖಲೆಯಿಂದ ಎತ್ತಿ ತೋರಿಸಿದರು. ಮಾತು ಪೂರ್ತಿ ಸುಳ್ಳಲ್ಲ. ಆದರೆ ಆ ಪಾಠ ಹಾಳಾಗಿದ್ದು ಪಟ್ಟಿಯಿಂದಲೋ ಪಟ್ಟಿಯ ಮೇಲಿನ ನಿಷೇಧದಿಂದಲೋ ಎಂದು ಅವರು ಕೇಳಿಕೊಳ್ಳಲಿಲ್ಲ.

ಬ್ಲ್ಯಾಕ್ ಹೆದರಿದಷ್ಟು ಸಡಿಲವಾಗಿ ಕಾನೂನು ಬೆಳೆಯಲಿಲ್ಲ. ಶಾಲಾ ಸಭೆಯಲ್ಲಿ ಅಶ್ಲೀಲ ಧ್ವನಿಯ ಭಾಷಣವನ್ನು ಶಿಕ್ಷಿಸಬಹುದೆಂದು 1986ರಲ್ಲಿ, ಶಾಲೆಯೇ ಹೊರತರುವ ಪತ್ರಿಕೆಯ ಪುಟಗಳನ್ನು ಪ್ರಿನ್ಸಿಪಾಲರು ತೆಗೆಯಬಹುದೆಂದು 1988ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಈ ಎರಡನೆಯ ತೀರ್ಪಿನ ಪ್ರಕಾರ ನೋಡಿದರೆ ರೂಸ್‌ವೆಲ್ಟ್ ಶಾಲೆಯ ಹುಡುಗನ ಲೇಖನವನ್ನು ತಡೆಯಲು ದಾರಿಯಿತ್ತು, ಪಟ್ಟಿಯನ್ನು ತಡೆಯಲು ಇರಲಿಲ್ಲ!

ತರಗತಿ ಬಿಟ್ಟು ಹೊರನಡೆಯುವುದು ಬೇರೆಯೇ ಮಾತು. 2018ರ ಫೆಬ್ರವರಿ 14ರಂದು ಫ್ಲೋರಿಡಾದ ಪಾರ್ಕ್‌ಲ್ಯಾಂಡಿನ ಹೈಸ್ಕೂಲಿನಲ್ಲಿ ಗುಂಡಿಗೆ 17 ಮಂದಿ ಬಲಿಯಾದರು. ಸರಿಯಾಗಿ ಒಂದು ತಿಂಗಳಿಗೆ, ಮಾರ್ಚ್ 14ರ ಬೆಳಗ್ಗೆ ಹತ್ತಕ್ಕೆ, ಸತ್ತ ಒಬ್ಬೊಬ್ಬರಿಗೆ ಒಂದೊಂದು ನಿಮಿಷದಂತೆ 17 ನಿಮಿಷ ತರಗತಿಯಿಂದ ಹೊರಬರುವುದೆಂದು ದೇಶದುದ್ದಕ್ಕೂ ವಿದ್ಯಾರ್ಥಿಗಳು ನಿಶ್ಚಯಿಸಿದರು. ಈ ಸಲ ಸುದ್ದಿ ಎಲ್ಲ ಹೆಡ್‌ಮಾಸ್ತರರಿಗೂ ವಾರಗಟ್ಟಲೆ ಮುಂಚೆ ಗೊತ್ತಿತ್ತು. ಪಾಠದ ಹೊತ್ತಿನಲ್ಲಿ ಹೊರಹೋಗುವುದು ಪಾಠಕ್ಕೆ ಅಡ್ಡಿಯೇ. ಗೈರುಹಾಜರಿಗೆ ಎಂದಿನ ಶಿಕ್ಷೆ ಕೊಡಬಹುದು. ಆದರೆ ಹೋದ ಕಾರಣ ಇಷ್ಟವಾಗಲಿಲ್ಲವೆಂದು ಎಂದಿಗಿಂತ ಹೆಚ್ಚು ಕೊಡುವಂತಿಲ್ಲ ಎಂಬುದು ನಾಗರಿಕ ಹಕ್ಕುಗಳ ವಕೀಲರ ವಾದ. ಎಷ್ಟೋ ಶಾಲೆಗಳು ಮೈದಾನದಲ್ಲಿ ಜಾಗ ಮಾಡಿಕೊಟ್ಟು, ಶಿಕ್ಷಕರನ್ನು ಕಾವಲಿಗೆ ನಿಲ್ಲಿಸಿ, ಹದಿನೆಂಟನೇ ನಿಮಿಷಕ್ಕೆ ಪಾಠ ಮುಂದುವರಿಸಿದವು. ಟೆಕ್ಸಾಸಿನ ನೀಡ್‌ವಿಲ್ ಎಂಬಲ್ಲಿ ಮಾತ್ರ, ಹೊರನಡೆದವರಿಗೆ ಮೂರು ದಿನ ಶಾಲೆ ಬಂದ್, ತಂದೆತಾಯಿಯ ಚೀಟಿ ತಂದರೂ ಬಿಡುವುದಿಲ್ಲ ಎಂದು ಮೇಲಧಿಕಾರಿ ಮೊದಲೇ ಸಾರಿದರು. ಅರ್ಕನ್ಸಾಸಿನ ಗ್ರೀನ್‌ಬ್ರಯರ್ ಹೈಸ್ಕೂಲಿನಲ್ಲಿ ಹೊರನಡೆದವರು ಮೂವರೇ. ಶಾಲೆಯೊಳಗೇ ಪ್ರತ್ಯೇಕ ಕೂರುವುದೋ, ಮರದ ಹಲಗೆಯ ಎರಡೆರಡು ಏಟೋ, ಆರಿಸಿಕೊಳ್ಳಿ ಎಂದಾಗ ಮೂವರೂ ಏಟನ್ನೇ ಆರಿಸಿದರು. ಕ್ರಿಸ್ಟೋಫರ್‌ನನ್ನು ಹೆದರಿಸಿದ್ದ ಕಾಲೇಜಿನ ಗುಮ್ಮ ಈ ಸಲ ನಡೆಯಲಿಲ್ಲ. ಶಾಂತಿಯುತವಾಗಿ ಪ್ರತಿಭಟಿಸಿ ಶಿಕ್ಷೆಗೊಳಗಾದವರ ಪ್ರವೇಶಕ್ಕೆ ಅದು ಅಡ್ಡಿಯಾಗದೆಂದು ಎಂಐಟಿ, ಯೇಲ್‌ನಂಥ ಸಂಸ್ಥೆಗಳೇ ಪ್ರಕಟಿಸಿದವು.

ಈ ಕಾನೂನಿನ ಬೇರು ಇನ್ನೂ ಹಿಂದಕ್ಕೆ, 1943ರ ಬಾರ್ನೆಟ್ ಪ್ರಕರಣಕ್ಕೆ ಹೋಗುತ್ತದೆ. ಧ್ವಜವಂದನೆ ಮಾಡಲೊಪ್ಪದ ಯೆಹೋವನ ಸಾಕ್ಷಿಗಳ ಪಂಥದ ಮಕ್ಕಳನ್ನು ಶಾಲೆಗಳು ಬಲವಂತಪಡಿಸಬಾರದೆಂದು ಅಮೆರಿಕದ ಸುಪ್ರೀಂ ಕೋರ್ಟು ಅಂದು ಹೇಳಿತ್ತು. ಫೋರ್ಟಸ್ ಅದನ್ನು ಆಧರಿಸಿದರು. ನಮ್ಮ ಸುಪ್ರೀಂ ಕೋರ್ಟೂ 1986ರಲ್ಲಿ ಅದನ್ನು ತೆಗೆದು ನೋಡಿತು. ಕೇರಳದ ಶಾಲೆಯೊಂದರಲ್ಲಿ ಅದೇ ಪಂಥದ ಮೂವರು ಒಡಹುಟ್ಟಿದವರು ರಾಷ್ಟ್ರಗೀತೆಯ ಹೊತ್ತಿಗೆ ಎಲ್ಲರೊಡನೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. 1985ರಲ್ಲಿ ಶಾಸಕರೊಬ್ಬರ ಕಣ್ಣಿಗೆ ಬಿದ್ದು, ವಿಧಾನಸಭೆಯಲ್ಲಿ ಪ್ರಶ್ನೆಯಾಗಿ, ಮೇಲಿನಿಂದ ಸೂಚನೆ ಬಂದು, ಜುಲೈ 26ರಂದು ಮುಖ್ಯೋಪಾಧ್ಯಾಯಿನಿ ಮೂವರನ್ನೂ ಶಾಲೆಯಿಂದ ಹೊರಹಾಕಿದರು. ಅದು ಪ್ರತಿಭಟನೆಯಲ್ಲ, ನಂಬಿಕೆ. ಆದರೂ ಪ್ರಶ್ನೆ ಅದೇ ಆಗಿತ್ತು: ಆ ಮೌನದಿಂದ ಯಾರಿಗೆ ಏನು ತೊಂದರೆಯಾಯಿತು? ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ. ಎಂ. ದತ್ ಅವರ ಪೀಠ 1986ರ ಆಗಸ್ಟ್ 11ರಂದು ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳುವಂತೆ ಆದೇಶಿಸಿತು. ಬಿಜೋ ಇಮ್ಯಾನುಯೆಲ್ ಪ್ರಕರಣವೆಂದು ವಕೀಲರಿಗೆಲ್ಲ ಪರಿಚಿತವಾದ ತೀರ್ಪು ಅದು.

ತೀರ್ಪು ಬರುವ ಹೊತ್ತಿಗೆ ಮೇರಿ ಬೆತ್‌ಗೆ ಹದಿನಾರು. ಯುದ್ಧ ಇನ್ನೂ ನಡೆದೇ ಇತ್ತು. ಆಮೇಲೆ ನರ್ಸ್ ಆಗಿ ದುಡಿದ ಆಕೆ 2013ರಿಂದ ಊರೂರು ಸುತ್ತಿ ಶಾಲಾಮಕ್ಕಳಿಗೆ ಈ ಕಥೆ ಹೇಳತೊಡಗಿದರು. ಅದರಲ್ಲಿ ಕೋರ್ಟಿನ ಕಡತದಲ್ಲಿ ಅಷ್ಟಾಗಿ ಕಾಣದ ಒಂದು ಭಾಗವಿದೆ. 1966ರ ಜನವರಿಯಲ್ಲಿ ಕ್ರಿಸ್‌ಮಸ್ ರಜೆ ಮುಗಿಯಿತು. ಪಟ್ಟಿ ಕಟ್ಟುವುದೆಂದು ಗೊತ್ತುಮಾಡಿಕೊಂಡಿದ್ದ ದಿನಗಳೂ ಮುಗಿದಿದ್ದವು. ಮಂಡಳಿಯ ನಿಷೇಧ ಹಾಗೆಯೇ ಇತ್ತು. ಟಿಂಕರ್ ಮನೆಯ ಅಣ್ಣತಂಗಿ ಪಟ್ಟಿಯಿಲ್ಲದೆ ಶಾಲೆಗೆ ಮರಳಿದರು, ಶಾಲೆ ಸೇರಿಸಿಕೊಂಡಿತು. ಅವರು ತೊಟ್ಟಿದ್ದು ಕಪ್ಪು ಬಟ್ಟೆ. ಆ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಹಾಗೆಯೇ ಕಪ್ಪು ತೊಟ್ಟು ಬಂದರು. ತೋಳಿನ ಪಟ್ಟಿಗೆ ನಿಯಮವಿತ್ತು. ಅಂಗಿಯ ಬಣ್ಣಕ್ಕೆ ಇರಲಿಲ್ಲ.